ಕೀಪ್ಯಾಡ್ ಫೋನನ್ನೇ ಉಳಿಸಿಕೊಳ್ಳುವುದು ಹೇಗೆ? ಸ್ಮಾರ್ಟ್‌ಫೋನ್ ಒತ್ತಡ ಎದುರಿಸುವವರಿಗೆ ಸಮಗ್ರ ಮಾರ್ಗದರ್ಶಿ

‘ಇನ್ನೂ ಈ ಡಬ್ಬಾ ಫೋನೇ ಇಟ್ಟುಕೊಂಡಿದ್ದೀರಾ?’ ಎಂಬ ಮಾತಿಗೆ ಸೋತು ಸ್ಮಾರ್ಟ್‌ಫೋನ್ ಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ಮಾತನ್ನು ಜನ ವರ್ಷಗಟ್ಟಲೆ ತಡೆದುಕೊಳ್ಳುತ್ತಾರೆ. ಅವರು ಸೋಲುವುದು ಯಾವುದೋ ಒಂದು ದಿನ, ಯಾವುದೋ ಕೌಂಟರಿನ ಮುಂದೆ. ಒಟಿಪಿ ಬರುತ್ತಿಲ್ಲ, ಹಿಂದೆ ಸಾಲು ಬೆಳೆಯುತ್ತಿದೆ, ಒಳಗೆ ಕುಳಿತವರು ‘ಆ್ಯಪ್ ಇಲ್ಲವೇ?’ ಎಂದು ಎರಡನೆಯ ಸಲ ಕೇಳುತ್ತಿದ್ದಾರೆ. ಅಂದು ಸಂಜೆಯೇ ಹೊಸ ಫೋನ್ ಮನೆಗೆ ಬಂದಿರುತ್ತದೆ.

ಹೀಗೆ ಕೈಚೆಲ್ಲಿದವರಲ್ಲಿ ಹೆಚ್ಚಿನವರು ತಪ್ಪಿದ್ದು ಕ್ರಮದಲ್ಲಿ. ಮೊದಲು ಎಲ್ಲರೊಂದಿಗೆ ವಾದಕ್ಕಿಳಿಯುತ್ತಾರೆ, ಕೆಲಸ ನಿಂತ ಮೇಲೆ ದಾರಿ ಹುಡುಕುತ್ತಾರೆ. ಇದನ್ನು ಹಿಂದುಮುಂದು ಮಾಡಬೇಕು. ಕೆಲಸ ನಿಲ್ಲುವ ಜಾಗಗಳನ್ನು ಮೊದಲು ಸರಿಪಡಿಸಿಕೊಳ್ಳಿ, ಜನರಿಗೆ ಉತ್ತರ ಕೊಡುವುದು ಆಮೇಲೆ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮಾತಿನ ಹಂತ ಆರನೆಯದು. ನೇರವಾಗಿ ಅಲ್ಲಿಗೆ ಹೋಗಬೇಡಿ.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಮತ್ತು ಪೆನ್ನು. ವಾರಕ್ಕೆ ಕೆಲವು ಸಲವಾದರೂ ಕೈಗೆ ಸಿಗುವ ಒಂದು ಕಂಪ್ಯೂಟರ್. ಅದು ಸ್ವಂತದ್ದಾಗಿದ್ದರೆ ಒಳ್ಳೆಯದು. ಅಗತ್ಯ ಬಿದ್ದಾಗ ಮುದ್ರಿಸಿಕೊಳ್ಳಲು ಒಂದು ಪ್ರಿಂಟರ್, ಅದು ಎಲ್ಲಿದ್ದರೂ ಸರಿ. ನಿಮ್ಮ ಫೋನಿಗೆ ಹೊಂದುವ ಇನ್ನೊಂದು ಬ್ಯಾಟರಿ. ಕೆಲಸದಲ್ಲಿರುವ ಇಮೇಲ್ ವಿಳಾಸ ಮತ್ತು ಅದರ ಪಾಸ್‌ವರ್ಡ್. ಇಷ್ಟು ಸಾಕು. ಕಂಪ್ಯೂಟರೇ ಕೈಗೆ ಸಿಗದವರಿಗೆ ಮೂರನೆಯ ಹಂತ ಕಷ್ಟವಾಗುತ್ತದೆ, ಅದನ್ನು ಈಗಲೇ ತಿಳಿದಿರಿ.

ಹಂತ 1: ಎರಡು ವಾರ ಬರೆದಿಡಿ

ಏನನ್ನೂ ಬದಲಿಸದೆ, ಯಾರಿಗೂ ಏನನ್ನೂ ಹೇಳದೆ, ಎರಡು ವಾರ ಬರೆಯುತ್ತಾ ಹೋಗಿ. ಸ್ಮಾರ್ಟ್‌ಫೋನ್ ಇಲ್ಲ ಎಂಬ ಕಾರಣಕ್ಕೆ ಏನಾದರೂ ನಡೆದಾಗಲೆಲ್ಲ ಒಂದು ಸಾಲು: ಯಾರು, ಯಾವ ಕೆಲಸಕ್ಕೆ, ಕೊನೆಗೆ ಏನಾಯಿತು. ‘ಸಹೋದ್ಯೋಗಿ, ಸಭೆಯ ಸಮಯ ಗುಂಪಿನಲ್ಲಿ ಹಾಕಿದ್ದರಂತೆ, ಹತ್ತು ನಿಮಿಷ ತಡವಾಗಿ ಹೋದೆ.’ ‘ಸಂಬಂಧಿಕರು, ಫೋಟೊ ಕಳಿಸಲು ಆಗುವುದಿಲ್ಲವಲ್ಲ ಎಂದರು, ಬೇರೇನೂ ಇಲ್ಲ.’

ಎರಡು ವಾರ ಕಳೆದ ಮೇಲೆ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಕೆಲಸ ನಿಂತಿತು, ಕೆಲಸ ನಿಧಾನವಾಯಿತು, ಬರೀ ಮಾತು. ಈ ಕೆಲಸಕ್ಕೆ ಇಳಿದವರು ಸಾಮಾನ್ಯವಾಗಿ ಕಾಣುವುದೇನೆಂದರೆ, ‘ಬರೀ ಮಾತು’ ಪುಟದ ತುಂಬ ಇರುತ್ತದೆ, ‘ಕೆಲಸ ನಿಂತಿತು’ ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯ ಸಾಲುಗಳೇ ಮುಂದಿನ ನಾಲ್ಕು ಹಂತಗಳ ಕೆಲಸ.

ಇಲ್ಲಿ ಆಗುವ ತಪ್ಪು: ನೆನಪಿನಿಂದ ಪಟ್ಟಿ ಮಾಡುವುದು. ನೆನಪಿನಲ್ಲಿ ಉಳಿಯುವುದು ಮನಸ್ಸಿಗೆ ನಾಟಿದ ಮಾತುಗಳು ಮಾತ್ರ. ಸದ್ದಿಲ್ಲದೆ ತಪ್ಪಿಹೋದ ಕೆಲಸಗಳು ಪಟ್ಟಿಗೆ ಬರುವುದೇ ಇಲ್ಲ.

ಹಂತ 2: ಫೋನ್ ಮತ್ತು ನೆಟ್‌ವರ್ಕ್ ಪರೀಕ್ಷೆ

ಯಾವ ಮಾತಿನಿಂದಲೂ ತಡೆಯಲಾಗದ ಒತ್ತಡ ಒಂದೇ: ನೆಟ್‌ವರ್ಕ್ ನಿಂತುಹೋಗುವುದು. ಸಿಂಗಪುರದಲ್ಲಿ 2ಜಿ ಸೇವೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಆಸ್ಟ್ರೇಲಿಯಾದಲ್ಲಿ 2024ರ ಕೊನೆಯ ಹೊತ್ತಿಗೆ 3ಜಿಯೂ ಮುಗಿಯಿತು. ಆಗ ಅಲ್ಲಿ 4ಜಿ ಇದ್ದ ಕೆಲವು ಫೋನ್‌ಗಳಿಗೂ ಸೇವೆ ನಿಲ್ಲಿಸಬೇಕಾಯಿತು, ಏಕೆಂದರೆ ಅವು ತುರ್ತು ಕರೆಗೆ 3ಜಿಯನ್ನೇ ನಂಬಿಕೊಂಡಿದ್ದವು. ಈ ಕೊನೆಯ ಸಂಗತಿಯನ್ನು ಗಮನಿಸಿ. ‘ನನ್ನದು 4ಜಿ ಫೋನ್’ ಎಂದರೆ ಸಾಲದು. ಧ್ವನಿಕರೆಯೂ 4ಜಿಯಲ್ಲೇ ಹೋಗಬೇಕು. ಆ ಸೌಲಭ್ಯಕ್ಕೆ ವಿಒಎಲ್‌ಟಿಇ ಎನ್ನುತ್ತಾರೆ.

ಪರೀಕ್ಷೆ ಸುಲಭ. ಫೋನಿನ ಪರದೆಯ ಮೇಲ್ತುದಿಯಲ್ಲಿ 4ಜಿ ಗುರುತು ಕಾಣುತ್ತಿರುವಾಗ ಪರಿಚಿತರೊಬ್ಬರಿಗೆ ಕರೆ ಮಾಡಿ. ಮಾತು ನಡೆಯುತ್ತಿರುವಾಗಲೇ ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿ. ಗುರುತು 4ಜಿಯಲ್ಲೇ ನಿಂತಿದ್ದರೆ ಕರೆ 4ಜಿಯಲ್ಲಿ ನಡೆಯುತ್ತಿದೆ. ಅದು 3ಜಿಗೋ 2ಜಿಗೋ ಇಳಿದಿದ್ದರೆ ನಿಮ್ಮ ಫೋನ್ ಹಳೆಯ ನೆಟ್‌ವರ್ಕನ್ನು ಆಶ್ರಯಿಸಿದೆ ಎಂದರ್ಥ. ಅದು ಮುಚ್ಚುವ ದಿನ ನಿಮ್ಮ ಕರೆಗಳೂ ನಿಲ್ಲುತ್ತವೆ. ತುರ್ತು ಸೇವೆಯ ಸಂಖ್ಯೆಗೆ ಕರೆ ಮಾಡಿ ಪರೀಕ್ಷಿಸಲು ಹೋಗಬೇಡಿ.

ಇಳಿಯುತ್ತದೆ ಎಂದಾದರೆ ಸ್ಮಾರ್ಟ್‌ಫೋನೇ ಗತಿ ಎಂದುಕೊಳ್ಳಬೇಕಿಲ್ಲ. ವಿಒಎಲ್‌ಟಿಇ ಇರುವ ಕೀಪ್ಯಾಡ್ ಫೋನ್‌ಗಳು ಸಿಗುತ್ತವೆ. ಕೊಳ್ಳುವ ಮುನ್ನ ನಿಮ್ಮ ಸಿಮ್ ಹಾಕಿ ಇದೇ ಪರೀಕ್ಷೆ ಮಾಡಿ. ಕನ್ನಡದಲ್ಲಿ ಬರೆದ ಒಂದು ಎಸ್‌ಎಂಎಸ್ ಕಳಿಸುವಂತೆ ಯಾರಿಗಾದರೂ ಹೇಳಿ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಆ ಫೋನಿನಲ್ಲಿ ಕನ್ನಡ ಓದಲಾಗುವುದಿಲ್ಲ. 5ರ ಗುಂಡಿಯ ಮೇಲಿನ ಉಬ್ಬು ಬೆರಳಿಗೆ ತಾಗುತ್ತದೆಯೇ ಎಂದೂ ನೋಡಿ. ನೋಡದೆಯೇ ಸಂಖ್ಯೆ ಒತ್ತಲು ಆಗುವುದು ಆ ಪುಟ್ಟ ಉಬ್ಬಿನಿಂದ.

ಎಚ್ಚರಿಕೆಯ ಲಕ್ಷಣ: ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಸುತ್ತಿದರೆ, ಅಥವಾ ಹಿಂಬದಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ, ಬ್ಯಾಟರಿ ಉಬ್ಬಿರಬಹುದು. ಅದನ್ನು ತೆಗೆದು ನೋಡಿ. ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಿ. ಹೆಚ್ಚುವರಿ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದು ಮತ್ತೆ ಏಳದಿರಬಹುದು.

ಹೆಸರು ಮತ್ತು ಸಂಖ್ಯೆಗಳನ್ನು ಮೆಮೊರಿ ಕಾರ್ಡ್‌ಗೆ ಒಮ್ಮೆ ನಕಲು ಮಾಡಿಡಿ. ಮುಖ್ಯವಾದ ಇಪ್ಪತ್ತು ಸಂಖ್ಯೆಗಳು ನೋಟ್‌ಬುಕ್‌ನಲ್ಲೂ ಇರಲಿ. *#06# ಒತ್ತಿದರೆ 15 ಅಂಕಿಗಳ ಐಎಂಇಐ, ಅಂದರೆ ನಿಮ್ಮ ಫೋನಿನ ಗುರುತಿನ ಸಂಖ್ಯೆ ಬರುತ್ತದೆ; ಅದನ್ನೂ ಬರೆದುಕೊಳ್ಳಿ, ಫೋನ್ ಕಳೆದರೆ ಬೇಕಾಗುತ್ತದೆ.

ಹಂತ 3: ಒಟಿಪಿ ಮತ್ತು ಲಾಗಿನ್

ಹೆಚ್ಚು ಜನ ಬೀಳುವುದು ಇಲ್ಲಿ. ಆದ್ದರಿಂದ ಇದಕ್ಕೆ ಒಂದು ಇಡೀ ದಿನ ಕೊಡಿ.

ಮೊದಲು ಇನ್‌ಬಾಕ್ಸ್. ನನಗೇ ಆದದ್ದನ್ನು ಹೇಳುತ್ತೇನೆ. ಒಂದು ಕೌಂಟರಿನಲ್ಲಿ ಒಟಿಪಿಗಾಗಿ ಕಾಯುತ್ತಿದ್ದೆ. ಪರದೆಯ ಮೂಲೆಯಲ್ಲಿ ಪುಟ್ಟ ಲಕೋಟೆಯೊಂದು ಮಿನುಗುತ್ತಿತ್ತು. ಸಂದೇಶ ಬಂತೆಂದು ತೆರೆದರೆ ಹೊಸದೇನೂ ಇಲ್ಲ. ಅವರು ಮೂರು ಸಲ ಕಳಿಸಿದರು, ಮೂರು ಸಲವೂ ಲಕೋಟೆ ಮಿನುಗಿತೇ ಹೊರತು ಸಂಖ್ಯೆ ಬರಲಿಲ್ಲ. ಕೆಲಸವಾಗದೆ ಹೊರಗೆ ಬಂದು, ಬೆಂಚಿನ ಮೇಲೆ ಕುಳಿತು ಹಳೆಯ ಜಾಹೀರಾತು ಸಂದೇಶಗಳನ್ನು ಅಳಿಸತೊಡಗಿದೆ. ನಾಲ್ಕಾರು ಅಳಿಸಿದ್ದೇ ತಡ, ಮೂರೂ ಒಟಿಪಿಗಳು ಒಂದರ ಹಿಂದೊಂದು ಬಂದವು. ಮೂರರ ಅವಧಿಯೂ ಮುಗಿದಿತ್ತು. ಮಿನುಗುವ ಲಕೋಟೆ ‘ಜಾಗ ತುಂಬಿದೆ’ ಎಂದು ಹೇಳುತ್ತಿತ್ತು, ನನಗೆ ಅರ್ಥವಾಗಿರಲಿಲ್ಲ.

ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಂಥ ಲಿಪಿಯಾದರೆ 70 ಮಾತ್ರ. ಉದ್ದದ ಸಂದೇಶಗಳು ತುಂಡುತುಂಡಾಗಿ ಬರುತ್ತವೆ, ಪ್ರತಿ ತುಂಡೂ ಜಾಗ ಹಿಡಿಯುತ್ತದೆ. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿ, ಆ ದಿನ ಇನ್‌ಬಾಕ್ಸ್ ಖಾಲಿ ಮಾಡಿ. ಸಿಮ್‌ನಲ್ಲಿ ಉಳಿದ ಸಂದೇಶಗಳು ಬೇರೆ ಜಾಗದಲ್ಲಿರುತ್ತವೆ, ಅವನ್ನೂ ಮರೆಯಬೇಡಿ. ಮುಖ್ಯ ಕೆಲಸಕ್ಕೆ ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ.

ಎರಡನೆಯದು ಬ್ಯಾಕಪ್ ಕೋಡ್, ಅಂದರೆ ಒಟಿಪಿ ಬಾರದಿದ್ದಾಗ ಅದರ ಬದಲು ಕೊಡಲು ಮೊದಲೇ ಪಡೆದಿಡುವ ಸಂಖ್ಯೆ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಇಟ್ಟುಕೊಂಡವರಿಗೆ ಒಂದು ಸಲಕ್ಕೆ 10 ಕೋಡ್‌ಗಳು ಸಿಗುತ್ತವೆ. ಪ್ರತಿಯೊಂದೂ ಒಮ್ಮೆ ಮಾತ್ರ ಬಳಕೆಗೆ. ಇಂಥ ಸೌಲಭ್ಯ ಬೇರೆ ಅನೇಕ ಸೇವೆಗಳಲ್ಲೂ ಇದೆ. ಕಾಗದದ ಮೇಲೆ ಮುದ್ರಿಸಿ, ಬಳಸಿದ್ದನ್ನು ಹೊಡೆದುಹಾಕುತ್ತಾ ಹೋಗಿ. ಹೊಸ ಪಟ್ಟಿ ಪಡೆದರೆ ಹಳೆಯದು ರದ್ದಾಗುತ್ತದೆ, ಆದ್ದರಿಂದ ಹಳೆಯ ಕಾಗದವನ್ನು ಅಂದೇ ಹರಿದುಹಾಕಿ. ಈ ಕಾಗದ ಪಾಸ್‌ವರ್ಡ್ ಬರೆದ ಕಾಗದದ ಜೊತೆಗಿರಬಾರದು.

ಮೂರನೆಯದು ಅಥೆಂಟಿಕೇಟರ್. 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳ ಕೋಡ್ ಕೊಡಲು ಸ್ಮಾರ್ಟ್‌ಫೋನೇ ಬೇಕೆಂಬ ನಂಬಿಕೆ ಬಹಳ ಜನರಲ್ಲಿದೆ. ಬೇಕಿಲ್ಲ. ಆ ಕೋಡ್ ಹುಟ್ಟುವುದು ಒಂದು ಗುಪ್ತ ಕೀಲಿ ಮತ್ತು ಸರಿಯಾದ ಸಮಯ ಇವೆರಡರಿಂದ. ಕೀಪಾಸ್‌ಎಕ್ಸ್‌ಸಿಯಂಥ ಉಚಿತ ಕಂಪ್ಯೂಟರ್ ತಂತ್ರಾಂಶವೂ ಇದನ್ನು ಮಾಡುತ್ತದೆ, ಇಂಟರ್‌ನೆಟ್ ಕೂಡ ಬೇಡ. ವೆಬ್‌ಸೈಟ್ ಕ್ಯೂಆರ್ ಕೋಡ್ ತೋರಿಸಿದಾಗ ಗಾಬರಿಯಾಗಬೇಡಿ. ಅದರ ಹತ್ತಿರದಲ್ಲೇ ‘ಸ್ಕ್ಯಾನ್ ಮಾಡಲಾಗುತ್ತಿಲ್ಲವೇ?’ ಎಂಬರ್ಥದ ಕೊಂಡಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿದರೆ ಅಕ್ಷರಗಳ ಉದ್ದದ ಸಾಲು ಬರುತ್ತದೆ; ಆ ಸಾಲೇ ಕೀಲಿ. ಅದನ್ನು ತಂತ್ರಾಂಶದಲ್ಲಿ ತುಂಬಿ, ಕಾಗದದಲ್ಲೂ ಬರೆದಿಡಿ. ಕೋಡ್ ತಪ್ಪು ಎಂದು ಮತ್ತೆ ಮತ್ತೆ ಹೇಳಿದರೆ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿ. ಅದು ಒಂದೆರಡು ನಿಮಿಷ ಹಿಂದಿದ್ದರೂ ಕೋಡ್ ಹೊಂದುವುದಿಲ್ಲ. ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ಈ ಕೀಲಿಗಳನ್ನು ಇಡಬೇಡಿ. ಅಂಥ ಕಂಪ್ಯೂಟರನ್ನೇ ಬಳಸುವವರಿಗೆ ಯುಎಸ್‌ಬಿ ಭದ್ರತಾ ಕೀಲಿ ಒಳ್ಳೆಯದು; ಕೋಡ್‌ನ ಬದಲು ಕಂಪ್ಯೂಟರಿಗೆ ಚುಚ್ಚಿ ಲಾಗಿನ್ ಆಗುವ ಪುಟ್ಟ ಸಾಧನ ಅದು. ಎರಡು ಕೊಂಡು, ಎರಡನ್ನೂ ಖಾತೆಗೆ ನೋಂದಾಯಿಸಿ, ಒಂದನ್ನು ಬೇರೆ ಜಾಗದಲ್ಲಿಡಿ.

ಇನ್ನು ‘ಆ್ಯಪ್ ಇಲ್ಲದೆ ಆಗುವುದೇ ಇಲ್ಲ’ ಎನ್ನುವ ಸೇವೆಗಳು. ಅವರ ಸಹಾಯವಾಣಿಗೆ ಕರೆ ಮಾಡಿ, ಪ್ರಶ್ನೆಯನ್ನು ಸರಿಯಾಗಿ ಕೇಳಿ. ‘ಆ್ಯಪ್ ಇಲ್ಲದೆ ಆಗುತ್ತದೆಯೇ?’ ಎಂದರೆ ‘ಆಗುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಸ್ಮಾರ್ಟ್‌ಫೋನ್ ಇಲ್ಲದ ಗ್ರಾಹಕರು ಇದನ್ನು ಯಾವ ವಿಧಾನದಲ್ಲಿ ಮಾಡುತ್ತಾರೆ?’ ಎಂದು ಕೇಳಿ. ಆಗ ಎದುರಿಗಿರುವವರು ಹುಡುಕಲೇಬೇಕಾಗುತ್ತದೆ. ಧ್ವನಿಕರೆಯಲ್ಲಿ ಒಟಿಪಿ, ಅಂಚೆಯಲ್ಲಿ ಅರ್ಜಿ, ಶಾಖೆಯಲ್ಲಿ ಸಹಿ, ಏನು ಹೇಳಿದರೂ ಅದನ್ನು ಇಮೇಲಿನಲ್ಲಿ ಕಳಿಸುವಂತೆ ಕೇಳಿ. ಆ ಇಮೇಲನ್ನು ಮುದ್ರಿಸಿ ಇಟ್ಟುಕೊಂಡರೆ ಮುಂದಿನ ಸಲ ಕೌಂಟರಿನಲ್ಲಿ ವಾದ ಬೇಕಾಗುವುದಿಲ್ಲ.

ಇದನ್ನು ಎಂದಿಗೂ ಮಾಡಬೇಡಿ: ಒಟಿಪಿಗಾಗಿ ಬೇರೆಯವರ ಸಂಖ್ಯೆ ನೋಂದಾಯಿಸುವುದು. ಮಗನದೋ ಸ್ನೇಹಿತರದೋ ಸಂಖ್ಯೆ ಕೊಟ್ಟು ಕೆಲಸ ಮುಗಿಸಿದವರು ಬಹಳ. ಒಟಿಪಿ ಯಾರ ಕೈಗೆ ಹೋಗುತ್ತದೆಯೋ ಖಾತೆಯ ಬೀಗದ ಕೈ ಅವರಲ್ಲಿದೆ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಫೋನ್ ಕಳೆದುಕೊಳ್ಳಬಹುದು, ಸಂಖ್ಯೆ ಬದಲಿಸಬಹುದು. ಅದರ ಮೇಲೆ, ಒಟಿಪಿ ಬೇಕಾದಾಗಲೆಲ್ಲ ಅವರಿಗೆ ಕರೆ ಮಾಡುತ್ತೀರಿ. ‘ನೀವೇ ಒಂದು ತೆಗೆದುಕೊಳ್ಳಬಾರದೇ’ ಎಂಬ ಹೊಸ ಒತ್ತಡವನ್ನು ನಿಮ್ಮ ಕೈಯಾರೆ ಹುಟ್ಟಿಸುತ್ತೀರಿ.

ಹಂತ 4: ಗುಂಪು ಸಂದೇಶಗಳಿಗೆ ದಾರಿ

‘ವಾಟ್ಸ್‌ಆ್ಯಪ್ ಅನ್ನು ಕಂಪ್ಯೂಟರಿನಲ್ಲೇ ಬಳಸಿ’ ಎಂಬ ಸಲಹೆ ನಿಮಗೆ ಸಿಕ್ಕಿರುತ್ತದೆ. ಅದನ್ನು ನಂಬಿ ಹೋದವರು ಕೆಲವೇ ವಾರಗಳಲ್ಲಿ ಹಿಂದಿರುಗುತ್ತಾರೆ. ಖಾತೆಯ ಮುಖ್ಯ ಸಾಧನ ಫೋನೇ ಆಗಿರುತ್ತದೆ; ಆ ಫೋನನ್ನು 14 ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಿಸಿದ ಕಂಪ್ಯೂಟರಿನಿಂದ ಲಾಗ್‌ಔಟ್ ಆಗುತ್ತದೆ. ಕೈಒಎಸ್ ಎಂಬ ಕಾರ್ಯಾಚರಣಾ ತಂತ್ರಾಂಶ ಇರುವ ಕೆಲವು ಕೀಪ್ಯಾಡ್ ಫೋನ್‌ಗಳಲ್ಲಿ ವಾಟ್ಸ್‌ಆ್ಯಪ್ ಇತ್ತು, ನಿಜ. ಆದರೆ 2024ರ ಜೂನ್‌ನಲ್ಲಿ ಅವುಗಳಿಗೆ ಹೊಸದಾಗಿ ಹಾಕಿಕೊಳ್ಳುವುದನ್ನು ಕಂಪನಿ ನಿಲ್ಲಿಸಿತು. ಅದೊಂದನ್ನೇ ನಂಬಿ ಅಂಥ ಫೋನ್ ಕೊಳ್ಳಬೇಡಿ.

ಕೆಲಸ ಮಾಡುವ ದಾರಿ ಇದು: ಪ್ರತಿ ಗುಂಪಿಗೂ ಒಬ್ಬರು. ನಿಮ್ಮ ಹಂತ 1ರ ಪಟ್ಟಿಯಲ್ಲಿ ನಿಜಕ್ಕೂ ಮುಖ್ಯವಾದ ಗುಂಪುಗಳು ಮೂರೋ ನಾಲ್ಕೋ ಇರುತ್ತವೆ. ಪ್ರತಿ ಗುಂಪಿನಲ್ಲೂ ಒಬ್ಬರನ್ನು ಆರಿಸಿ, ಖುದ್ದಾಗಿ ಭೇಟಿಯಾಗಿ ಕೇಳಿ. ‘ಏನಾದರೂ ಇದ್ದರೆ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ, ಏಕೆಂದರೆ ಆ ‘ಏನಾದರೂ’ ಯಾವುದೆಂದು ಅವರಿಗೆ ಗೊತ್ತಿರುವುದಿಲ್ಲ. ಹೀಗೆ ಹೇಳಿ: ‘ತಾರೀಖು, ಸಮಯ, ಜಾಗ ಈ ಮೂರರಲ್ಲಿ ಯಾವುದು ಬದಲಾದರೂ ನನಗೊಂದು ಎಸ್‌ಎಂಎಸ್ ಹಾಕಿ. ಉಳಿದದ್ದು ಬೇಡ.’ ಅವರಿಗೆ ಕೆಲಸ ಇಷ್ಟೇ ಎಂದು ಗೊತ್ತಾದಾಗ ಒಪ್ಪುತ್ತಾರೆ. ಅವರ ಬೇರೆ ಯಾವುದಾದರೂ ಕೆಲಸಕ್ಕೆ ನೀವು ಹೆಗಲು ಕೊಡಿ. ಗುಂಪಿನ ಎಲ್ಲರಿಗೂ ಒಟ್ಟಾಗಿ ಹೇಳುವುದು ಇಲ್ಲಿ ಆಗುವ ತಪ್ಪು; ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ಫೋಟೊ ಮತ್ತು ಕಡತಗಳಿಗೆ ಇಮೇಲ್ ವಿಳಾಸ ಕೊಡಿ, ಸಂಜೆ ಕಂಪ್ಯೂಟರಿನಲ್ಲಿ ನೋಡಿ ಆ ದಿನವೇ ಉತ್ತರಿಸಿ. ನೀವು ಉತ್ತರಿಸುತ್ತೀರಿ ಎಂಬ ನಂಬಿಕೆ ಬಂದರೆ ಅವರು ಮತ್ತೆ ಇಮೇಲ್ ಮಾಡುತ್ತಾರೆ.

ಹಂತ 5: ಟಿಕೆಟ್, ನಕ್ಷೆ, ಪಾವತಿ

ಇದು ಭಾವಿಸಿದಷ್ಟು ಕಷ್ಟವಲ್ಲ. ಕ್ಯೂಆರ್ ಕೋಡ್ ಎಂದರೆ ಕಪ್ಪುಬಿಳುಪಿನ ಚೌಕಗಳ ಚಿತ್ರ. ಅದನ್ನು ಓದುವ ಯಂತ್ರಕ್ಕೆ ಅದು ಗಾಜಿನ ಮೇಲಿದೆಯೋ ಕಾಗದದ ಮೇಲಿದೆಯೋ ಎಂಬ ಭೇದವಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲು ಮುದ್ರಿತ ಪ್ರತಿಗೆ ಅವಕಾಶವಿದೆಯೇ ಎಂದು ನಿಯಮಗಳಲ್ಲಿ ನೋಡಿ, ಎರಡು ಪ್ರತಿ ಮುದ್ರಿಸಿ. ಕೋಡ್‌ನ ಮೇಲೆ ಮಡಿಕೆ ಬೀಳಬಾರದು, ಅಷ್ಟೇ. ಹೊಸ ಜಾಗಕ್ಕೆ ಹೋಗುವುದಿದ್ದರೆ ಹಿಂದಿನ ದಿನ ನಕ್ಷೆ ನೋಡಿ, ತಿರುವುಗಳನ್ನು ಕಾಗದದಲ್ಲಿ ಕ್ರಮವಾಗಿ ಬರೆದುಕೊಳ್ಳಿ. ಕೊನೆಯ ಗುರುತನ್ನು ದಾಟಿ ಹೋದರೆ ಏನು ಕಾಣುತ್ತದೆ ಎಂಬುದನ್ನೂ ಬರೆಯಿರಿ. ದಾರಿ ತಪ್ಪಿದ್ದು ಆಗ ಬೇಗ ಗೊತ್ತಾಗುತ್ತದೆ. ಪಾವತಿಗೆ ಕಾರ್ಡ್ ಮತ್ತು ನಗದು ಎರಡೂ ಜೊತೆಗಿರಲಿ.

ಹಂತ 6: ಈಗ ಮಾತು

ಇಲ್ಲಿಯವರೆಗಿನ ಹಂತಗಳು ಮುಗಿದಿದ್ದರೆ ನಿಮ್ಮ ದನಿಯಲ್ಲೇ ಬದಲಾವಣೆ ಇರುತ್ತದೆ, ಏಕೆಂದರೆ ಕೆಲಸ ನಿಲ್ಲುತ್ತಿಲ್ಲ. ಒತ್ತಾಯಿಸುವವರೆಲ್ಲ ಒಂದೇ ಕಾರಣಕ್ಕೆ ಒತ್ತಾಯಿಸುವುದಿಲ್ಲ. ಯಾರು ಎಂದು ನೋಡಿ ಉತ್ತರಿಸಿ.

ಮನೆಯವರ ಮಾತಿನ ಹಿಂದೆ ಆತಂಕವಿರುತ್ತದೆ. ‘ಎಲ್ಲಿದ್ದೀರಿ ಎಂದೇ ಗೊತ್ತಾಗುವುದಿಲ್ಲ’ ಎನ್ನುವ ಮಗಳಿಗೆ ಖಾಸಗಿತನದ ಬಗ್ಗೆ ಉಪನ್ಯಾಸ ಕೊಡಬೇಡಿ, ಅವಳ ಮನಸ್ಸು ನೋಯುತ್ತದೆ. ‘ತಲುಪಿದ ಕೂಡಲೇ ಒಂದು ಮೆಸೇಜ್ ಹಾಕುತ್ತೇನೆ, ರಾತ್ರಿ ಎಂಟಕ್ಕೆ ಕರೆ ಮಾಡುತ್ತೇನೆ’ ಎಂದು ಹೇಳಿ. ಹೇಳಿದಂತೆ ನಡೆದುಕೊಳ್ಳಿ. ಒಂದು ತಿಂಗಳು ತಪ್ಪದೆ ಮಾಡಿದರೆ ಆ ಆತಂಕ ತಾನಾಗಿ ಇಳಿಯುತ್ತದೆ. ನಾಲ್ಕು ದಿನ ಮಾಡಿ ಮರೆತರೆ ಒತ್ತಾಯ ಇಮ್ಮಡಿಯಾಗುತ್ತದೆ, ಅದು ನ್ಯಾಯವೂ ಹೌದು.

ಸಹೋದ್ಯೋಗಿಗಳದು ಬೇಸರ. ನಿಮ್ಮಿಂದ ಅವರಿಗೆ ಕೆಲಸ ಹೆಚ್ಚಾಗುತ್ತಿದೆಯೇನೋ ಎಂಬ ಭಾವನೆ. ‘ನಾನು ಇದರಲ್ಲೇ ಇರುತ್ತೇನೆ. ಇದರಿಂದ ನಿಮಗೆ ಎಲ್ಲಿ ತೊಂದರೆಯಾಗುತ್ತಿದೆ ಹೇಳಿ, ಅದನ್ನು ಸರಿಮಾಡೋಣ’ ಎಂದು ಕೇಳಿ. ಕೆಲಸಕ್ಕೆ ಆ್ಯಪ್ ಕಡ್ಡಾಯವೆಂದಾದರೆ ಕಚೇರಿಯ ಸಾಧನವೊಂದನ್ನು ಲಿಖಿತವಾಗಿ ಕೇಳಿ, ಕೆಲಸ ಮುಗಿದ ಮೇಲೆ ಅದನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು ಬನ್ನಿ.

ಮಾರುವವರಿಗೆ ಒಂದೇ ಸಾಲು: ‘ಬೇಡ, ಇದು ಸಾಕು.’ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಅವರ ಬಳಿ ಇದ್ದೇ ಇರುತ್ತದೆ.

ಎರಡು ಮಾತುಗಳನ್ನು ಯಾರಿಗೂ ಆಡಬೇಡಿ. ಒಂದು, ‘ನನಗೆ ಅದೆಲ್ಲ ಬರುವುದಿಲ್ಲ.’ ಇದನ್ನು ಕೇಳಿದ ಒಳ್ಳೆಯ ಮನಸ್ಸಿನವರು ಕಲಿಸಲು ಬರುತ್ತಾರೆ. ಕಲಿಸಿದ ಮೇಲೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಇನ್ನೊಂದು, ‘ನೀವೆಲ್ಲ ಅದರಲ್ಲೇ ಮುಳುಗಿ ಹಾಳಾಗಿದ್ದೀರಿ.’ ಇದು ನಿಮ್ಮ ಆಯ್ಕೆಯನ್ನು ಅವರ ಮೇಲಿನ ದೂರಾಗಿ ಮಾಡುತ್ತದೆ. ಆಮೇಲೆ ಅವರು ವಾದಿಸುವುದು ತಮ್ಮ ಮರ್ಯಾದೆಗಾಗಿ, ಅದಕ್ಕೆ ಕೊನೆಯಿಲ್ಲ.

ಹಂತ 7: ಉಡುಗೊರೆಯಾಗಿ ಫೋನ್ ಬಂದರೆ

ಇದಕ್ಕೆ ಮೊದಲೇ ಸಿದ್ಧರಾಗಿರಿ, ಏಕೆಂದರೆ ಪ್ರೀತಿಯಿಂದ ಕೊಟ್ಟದ್ದನ್ನು ನಿಂತ ನಿಲುವಿನಲ್ಲಿ ನಿರಾಕರಿಸುವುದು ಕಷ್ಟ. ಕೃತಜ್ಞತೆ ಹೇಳಿ. ಪೆಟ್ಟಿಗೆಯ ಮೊಹರು ಒಡೆಯಬೇಡಿ. ಮರಳಿಸುವ ಗಡುವು ಯಾವಾಗ ಎಂದು ನೋಡಿ, ಅದರೊಳಗೆ ಕೊಟ್ಟವರ ಜೊತೆ ಕುಳಿತು ಮಾತನಾಡಿ. ಎಲ್ಲರೂ ತಪ್ಪುವುದು ‘ಒಂದು ವಾರ ನೋಡೋಣ’ ಎಂದು ಸಿಮ್ ಹಾಕಿಕೊಳ್ಳುವಲ್ಲಿ. ಸಿಮ್ ಹೊಸ ಫೋನಿಗೆ ಹೋದ ಸಂಜೆಯೇ ಸಂಪರ್ಕಗಳೂ ಅದಕ್ಕೆ ಹೋಗುತ್ತವೆ, ಗುಂಪುಗಳಿಗೆ ಸೇರಿಸುತ್ತಾರೆ, ಸೇವೆಗಳೆಲ್ಲ ಆ್ಯಪ್‌ಗೆ ಬದಲಾಗುತ್ತವೆ. ವಾರದ ಕೊನೆಗೆ ಹಿಂತಿರುಗಲು ಎಳೆಗಳೆಲ್ಲವನ್ನೂ ಬಿಡಿಸಬೇಕು.

ಮರಳಿಸಲು ಆಗದಿದ್ದರೆ ಸಿಮ್ ಹಾಕದೆ, ಮನೆಯ ವೈಫೈಯಲ್ಲಿ, ಒಂದೇ ಜಾಗದಲ್ಲಿ ಇಡಿ. ವೀಡಿಯೊ ಕರೆಗೆ ಒದಗುತ್ತದೆ, ಕೊಟ್ಟವರಿಗೂ ಸಮಾಧಾನ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ.

ಹಂತ 8: ಹಟ ಬಿಡಬೇಕಾದ ಲಕ್ಷಣಗಳು

ಒಬ್ಬರೇ ವ್ಯಕ್ತಿ ವಾರಕ್ಕೆ ಮೂರು ಸಲ ನಿಮಗಾಗಿ ಆ್ಯಪ್ ತೆರೆಯುತ್ತಿದ್ದರೆ ನಿಮ್ಮ ಫೋನಿನ ಭಾರವನ್ನು ಅವರು ಹೊರುತ್ತಿದ್ದಾರೆ. ವೈದ್ಯರು ಸೂಚಿಸಿದ ಸಾಧನವೊಂದು, ಉದಾಹರಣೆಗೆ ರಕ್ತದ ಸಕ್ಕರೆ ಅಳೆಯುವ ಸೆನ್ಸರ್, ಆ್ಯಪ್ ಜೊತೆಗೆ ಮಾತ್ರ ಕೆಲಸ ಮಾಡುವುದಾದರೆ ಮೊದಲು ಅದಕ್ಕೆ ಪ್ರತ್ಯೇಕ ರೀಡರ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಆರೋಗ್ಯವೇ ಮೊದಲು. ನೀವಿರುವಲ್ಲಿ ಕರೆಗಳು ಪದೇ ಪದೇ ಕಡಿದುಹೋಗುತ್ತಿದ್ದರೆ ಹಂತ 2ಕ್ಕೆ ಹಿಂದಿರುಗಿ. ಇಂಥ ಅಗತ್ಯಕ್ಕೆ ಸ್ಮಾರ್ಟ್‌ಫೋನ್ ಕೊಂಡರೂ ಆ ಒಂದು ಕೆಲಸಕ್ಕೆ ಮಾತ್ರ ಮೀಸಲಿಡಿ, ಸಿಮ್ ಕೀಪ್ಯಾಡ್ ಫೋನಿನಲ್ಲೇ ಇರಲಿ.

ಮೂರು ತಿಂಗಳಿಗೊಮ್ಮೆ

ಒಂದು ಭಾನುವಾರ ಗೊತ್ತುಮಾಡಿ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದಿಡಿ. ಅಂದು ಫೋನನ್ನು ಮೇಜಿನ ಮೇಲೆ ತಿರುಗಿಸಿ ನೋಡಿ, ಬ್ಯಾಕಪ್ ಕೋಡ್‌ಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ, ಹೆಚ್ಚುವರಿ ಬ್ಯಾಟರಿಯನ್ನು ಅರ್ಧಕ್ಕೆ ಚಾರ್ಜ್ ಮಾಡಿ, ಸಂಖ್ಯೆಗಳನ್ನು ಕಾರ್ಡ್‌ಗೆ ಮತ್ತೊಮ್ಮೆ ನಕಲು ಮಾಡಿ. ಗುಂಪಿನ ಸುದ್ದಿ ತಿಳಿಸುವವರಿಗೆ ಕರೆ ಮಾಡಿ, ಇದು ಅವರಿಗೆ ಭಾರವಾಗುತ್ತಿದೆಯೇ ಎಂದು ಕೇಳಿ. ಹೌದು ಎಂದರೆ ಬೇರೊಬ್ಬರನ್ನು ಗೊತ್ತುಮಾಡಿಕೊಳ್ಳಿ.